ದನಿ ಬೆರೆಸುವ ಎರಡು ಮೇಜುಗಳು

ಧ್ವನಿಮುದ್ರಣ ಸ್ಟುಡಿಯೋದಲ್ಲಿ ಮೊದಲು ಕಣ್ಣಿಗೆ ಬೀಳುವುದು ನೂರಾರು ಗುಂಡಿಗಳಿಂದ ತುಂಬಿದ, ಮೇಜಿನಂಥ ಮಿಕ್ಸಿಂಗ್ ಕನ್ಸೋಲ್. ಗಾಯಕನ ಕಂಠ, ಡ್ರಮ್, ಗಿಟಾರ್ - ಪ್ರತಿ ಮೈಕಿನ ದನಿಯೂ ಇಲ್ಲಿ ತನ್ನದೇ ಚಾನೆಲ್‌ನಲ್ಲಿ ಹರಿದು, ಹದಗೊಂಡು, ಕೊನೆಗೆ ಒಂದಾಗುತ್ತದೆ. ಇಂಥ ಕನ್ಸೋಲನ್ನು ಅಳೆಯುವ ಪ್ರಶ್ನೆಗಳು ಎರಡು: ದನಿ ಹೇಗಿದೆ? ಬೇಕಾದ ಹಾಗೆ ಬಳಸಲು ಎಷ್ಟು ಅನುಕೂಲವಿದೆ? ಇಂಗ್ಲೆಂಡಿನಲ್ಲಿ ತಯಾರಾದ ಎರಡು ಕನ್ಸೋಲ್‌ಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟವು.

ರೂಪರ್ಟ್ ನೀವ್ ಅವರ ಕಂಪನಿ 1970ರ ದಶಕದಲ್ಲಿ ತಯಾರಿಸಿದ 80 ಶ್ರೇಣಿಯ ಹಿರಿಮೆ ಇರುವುದು ದನಿಯಲ್ಲಿ. ಇದರಲ್ಲಿ ಸಂಕೇತವು ಒಳಬರುವಾಗಲೂ ಹೊರಹೋಗುವಾಗಲೂ ಟ್ರಾನ್ಸ್‌ಫಾರ್ಮರ್ ದಾಟಬೇಕು. ದನಿಯ ಮಟ್ಟ ಏರಿದಾಗ ಮೂಲ ಸ್ವರದೊಡನೆ ಅದರ ಎರಡು, ಮೂರು ಪಟ್ಟು ಕಂಪನಾಂಕದ ಸಣ್ಣ ದನಿಗಳೂ ಸೇರಿಕೊಳ್ಳುತ್ತವೆ. ಲೆಕ್ಕದ ಪ್ರಕಾರ ಇದು ದೋಷ. ಕಿವಿಗೆ ಮಾತ್ರ ಮೈತುಂಬಿದ ದನಿ. ಆದರೆ ಆ ಕಾಲದ ಈ ಕನ್ಸೋಲ್‌ಗಳಿಗೆ ನೆನಪಿನ ಶಕ್ತಿಯಿರಲಿಲ್ಲ. ವಾರದ ಬಳಿಕ ಅದೇ ಹದ ಬೇಕೆಂದರೆ ಪ್ರತಿ ಗುಂಡಿಯ ಸ್ಥಾನವನ್ನೂ ಕಾಗದದಲ್ಲಿ ಬರೆದಿಟ್ಟಿರಬೇಕಿತ್ತು.

ಅಷ್ಟರಲ್ಲಿ 24 ಟ್ರ್ಯಾಕಿನ ಟೇಪು ಬಂದಿತ್ತು. ಎಂಜಿನಿಯರಿಗೆ ಎರಡು ಕೈ ಸಾಲದಾಗಿತ್ತು. 1979ರ ಎಸ್‌ಎಸ್‌ಎಲ್ 4000 ಇ ಕನ್ಸೋಲಿನ ಕಂಪ್ಯೂಟರು ಫೇಡರುಗಳ ಏರಿಳಿತವನ್ನು ನೆನಪಿಟ್ಟುಕೊಂಡು ಮರಳಿ ನಡೆಸುತ್ತಿತ್ತು. ಅಬ್ಬರ ತಗ್ಗಿಸುವ ಕಂಪ್ರೆಸರ್, ದನಿ ಕ್ಷೀಣಿಸಿದೊಡನೆ ಅದನ್ನು ತಡೆಯುವ ಗೇಟ್ - ಎರಡೂ ಪ್ರತಿ ಚಾನೆಲ್‌ನಲ್ಲೇ ಇದ್ದವು. ಗಂಟೆ ಲೆಕ್ಕದಲ್ಲಿ ಬಾಡಿಗೆ ಎಣಿಸುವ ಸ್ಟುಡಿಯೋಗಳಿಗೆ ಇದು ವರವಾಯಿತು. ದನಿ ತೆಳುವಾಯಿತೆಂಬ ದೂರೂ ಜೊತೆಯಲ್ಲೇ ಬಂತು.

ಹಾಗೆಂದು ನೀವ್‌ಗೆ ದನಿ, ಎಸ್‌ಎಸ್‌ಎಲ್‌ಗೆ ಅನುಕೂಲ ಎಂದು ಗೆರೆ ಎಳೆದುಬಿಡುವಂತಿಲ್ಲ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಎಸ್‌ಎಸ್‌ಎಲ್ 4000ದ ಹಿಂದಿನ ಮಾದರಿಯೊಂದಿತ್ತು. ವಾದಕರ ಮಾತು ಎಂಜಿನಿಯರಿಗೆ ಕೇಳಿಸಲೆಂದೇ ಇಟ್ಟ ಮೈಕಿಗೆ ಅದರಲ್ಲಿ ಬಲವಾದ ಕಂಪ್ರೆಸರ್ ಜೋಡಿಸಲಾಗಿತ್ತು. 1980ರಲ್ಲಿ ಹೊರಬಂದ ಪೀಟರ್ ಗೇಬ್ರಿಯಲ್‌ರ ಮೂರನೆಯ ಆಲ್ಬಂನ ಮುದ್ರಣದ ವೇಳೆ ಆ ಮೈಕು ತೆರೆದಿದ್ದಾಗಲೇ ಫಿಲ್ ಕಾಲಿನ್ಸ್ ಡ್ರಮ್ ಬಾರಿಸಿದರು. ಕೋಣೆಯೇ ಗುಡುಗಿದಂತೆ ಕೇಳಿತು. ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಅದಕ್ಕೆ ಗೇಟ್ ಹಾಕಿ ಗುಡುಗಿನ ಬಾಲವನ್ನು ಥಟ್ಟನೆ ಕತ್ತರಿಸಿದರು. ಮುಂದಿನ ಹತ್ತು ವರ್ಷ ಪಾಪ್ ಸಂಗೀತದ ಡ್ರಮ್ ಮೊಳಗಿದ್ದು ಹೆಚ್ಚಾಗಿ ಹೀಗೆಯೇ. ಅನುಕೂಲಕ್ಕೆಂದು ಇಟ್ಟ ಸಲಕರಣೆಯೇ ಒಂದು ಯುಗದ ದನಿಯಾಯಿತು.

ಲಾಸ್ ಏಂಜಲೀಸಿನ ಸೌಂಡ್ ಸಿಟಿ ಸ್ಟುಡಿಯೋದ ನೀವ್ 8028ರಲ್ಲಿ 1991ರಲ್ಲಿ ನಿರ್ವಾಣ ತಂಡದ 'ನೆವರ್‌ಮೈಂಡ್' ಮುದ್ರಣವಾಗಿತ್ತು. 2011ರಲ್ಲಿ ಸ್ಟುಡಿಯೋ ವ್ಯಾಪಾರ ನಿಲ್ಲಿಸಿದಾಗ, ಆ ತಂಡದ ಡ್ರಮ್ ವಾದಕರಾಗಿದ್ದ ಡೇವ್ ಗ್ರೋಲ್ ಅದನ್ನು ಕೊಂಡು ತಮ್ಮ ಸ್ಟುಡಿಯೋಕ್ಕೆ ಸಾಗಿಸಿದರು. ನೆನಪಿಡುವ ಕೆಲಸವನ್ನು ಅಷ್ಟರಲ್ಲಿ ಸಾಧಾರಣ ಕಂಪ್ಯೂಟರೂ ಮಾಡುತ್ತಿತ್ತು. ಇಂದಿನ ತಂತ್ರಾಂಶಗಳು ಅನುಕರಿಸಲು ಹೆಣಗುತ್ತಿರುವುದು ಈ ಎರಡು ಮೇಜುಗಳ ದನಿಯನ್ನು. ಅದರಲ್ಲೂ, ಲೆಕ್ಕದ ಪ್ರಕಾರ ದೋಷವೆನಿಸಿದ ಅಂಶಗಳನ್ನು.