ಪ್ಯಾಕೆಟ್ ಮೇಲಿನ ಹೆಸರು, ಕ್ಯಾನಿನೊಳಗಿನ ಹಾಲು



ಅರಕೇರಾ ಸುತ್ತಮುತ್ತಲಿನ ಸಂಘಗಳಿಗೆ ಬಂದಾಗ ನಿಮ್ಮಲ್ಲಿ ಕೆಲವರು ಕೇಳುವ ಪ್ರಶ್ನೆ ಇದು: “ಡಾಕ್ಟರ್ರ, ಹಾಲು ನಮ್ದು. ಪಾಕೀಟಿನ ಮ್ಯಾಲ ನಮ್ಮೂರ ಹೆಸರು ಯಾಕಿಲ್ರೀ?” ನ್ಯಾಯವಾದ ಪ್ರಶ್ನೆ. ಹಾಲಿನ ಬಗ್ಗೆ, ಕೆಚ್ಚಲಿನ ಬಗ್ಗೆ ಬರೆಯುವ ನಾನು ಈ ಸಲ ಹೆಸರಿನ ಬಗ್ಗೆ ಬರೆಯುತ್ತಿರುವುದು ಅದಕ್ಕೇ. ಮುಂದೆ ಕೆಚ್ಚಲಿಗೂ ಬರುತ್ತೇನೆ, ಯಾಕೆಂದರೆ ಎರಡೂ ಒಂದೇ ವಿಷಯ.

‘ಬ್ರ್ಯಾಂಡ್’ ಎಂಬ ಮಾತಿಗೂ ದನಗಳಿಗೂ ಹಳೆಯ ನಂಟಿದೆ. ಕಾಯಿಸಿದ ಕಬ್ಬಿಣದಿಂದ ದನದ ಮೈಮೇಲೆ ಬರೆ ಹಾಕಿ, ಇದು ಇಂಥವರ ದನ ಎಂದು ಗುರುತು ಮಾಡುತ್ತಿದ್ದರು. ಈಗ ನಾವು ಬರೆ ಹಾಕುವುದಿಲ್ಲ, ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕುತ್ತೇವೆ. ಆ ಓಲೆ ನೋಡಿದರೆ ಆಕಳು ಯಾರದು, ಯಾವ ಲಸಿಕೆ ಆಗಿದೆ ಎಂದು ತಿಳಿಯುತ್ತದೆ. ಪ್ಯಾಕೆಟ್ ಮೇಲಿನ ಹೆಸರು, ಚಿತ್ರ, ಬಣ್ಣ ಮಾಡುವುದೂ ಅದನ್ನೇ. ಕೊಳ್ಳುವವಳು ನಿಮ್ಮ ಕೊಟ್ಟಿಗೆ ನೋಡಿಲ್ಲ, ನಿಮ್ಮ ಎಮ್ಮೆ ನೋಡಿಲ್ಲ. ಗುರುತು ನೋಡಿ ನಂಬುತ್ತಾಳೆ.

ಎಲ್ಲರಿಗೂ ಒಂದೇ ಹೆಸರು ಯಾಕೆ? ಇದನ್ನು ಮೊದಲು ಮಾಡಿ ತೋರಿಸಿದವರು ಗುಜರಾತಿನ ರೈತರು. ಆನಂದ್‌ನಲ್ಲಿ 1946ರಲ್ಲಿ ಖೇಡಾ ಜಿಲ್ಲೆಯ ಹಾಲು ಒಕ್ಕೂಟ ನೋಂದಣಿಯಾಯಿತು. ಅದರ ಹಾಲಿಗೆ ‘ಅಮೂಲ್ಯ’ ಎಂಬ ಮಾತಿನಿಂದ ‘ಅಮುಲ್’ ಎಂದು ಹೆಸರಿಟ್ಟರು. ಬೇರೆ ಜಿಲ್ಲೆಗಳಲ್ಲೂ ಒಕ್ಕೂಟಗಳು ಹುಟ್ಟಿದಾಗ ಒಂದು ಯೋಚನೆ ಬಂತು: ಜಿಲ್ಲೆಗೊಂದು ಹೆಸರಿಟ್ಟುಕೊಂಡರೆ ಒಂದೇ ಅಂಗಡಿಯಲ್ಲಿ ರೈತರೇ ರೈತರ ವಿರುದ್ಧ ದರ ಇಳಿಸಿ ಜಗಳಾಡಬೇಕಾಗುತ್ತದೆ. ಅದಕ್ಕೇ 1973ರಲ್ಲಿ ಎಲ್ಲರೂ ಸೇರಿ ಮಾರಾಟಕ್ಕೆ ಒಂದು ಮಹಾಮಂಡಳ ಕಟ್ಟಿಕೊಂಡು, ಅದೇ ಹೆಸರಿನಲ್ಲಿ ಮಾರತೊಡಗಿದರು.

ನಮ್ಮಲ್ಲೂ ಹಾಗೇ. 1974ರಲ್ಲಿ ಶುರುವಾದ ಡೇರಿ ಅಭಿವೃದ್ಧಿ ನಿಗಮ ಮುಂದೆ ಕರ್ನಾಟಕ ಹಾಲು ಮಹಾಮಂಡಳವಾಯಿತು. ‘ನಂದಿನಿ’ ಎಂಬ ಹೆಸರು ಬಂದದ್ದು 1980ರ ದಶಕದಲ್ಲಿ. ನಂದಿನಿ ಎಂದರೆ ಕಾಮಧೇನುವಿನ ಮಗಳು, ವಸಿಷ್ಠರ ಆಶ್ರಮದ ಆಕಳು. ಮಂಗಳೂರಿನವರಿಗೂ ಗೊತ್ತು, ಮಾನ್ವಿಯವರಿಗೂ ಗೊತ್ತು. ಯಾರೂ ಅರ್ಥ ಹೇಳಬೇಕಾಗಿಲ್ಲ, ಮಕ್ಕಳ ಬಾಯಲ್ಲೂ ಸಲೀಸಾಗಿ ಬರುತ್ತದೆ. ಹೆಸರು ಆರಿಸುವುದರಲ್ಲಿ ಅರ್ಧ ಕೆಲಸ ಅಷ್ಟೇ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ನಮ್ಮ ಒಕ್ಕೂಟವಿರಲಿ, ಕೋಲಾರ, ಹಾಸನದ ಒಕ್ಕೂಟಗಳಿರಲಿ, ಎಲ್ಲರದೂ ಅದೇ ಹೆಸರು. ನಿಮ್ಮೂರ ಹೆಸರು ಪ್ಯಾಕೆಟ್ ಮೇಲೆ ಇಲ್ಲದಿರುವುದಕ್ಕೆ ಇನ್ನೊಂದು ಸರಳ ಕಾರಣವಿದೆ: ನಿಮ್ಮ ಕ್ಯಾನು ಶೀತಲೀಕರಣ ಕೇಂದ್ರದಲ್ಲಿ ಹತ್ತಾರು ಊರುಗಳ ಹಾಲಿನ ಜೊತೆ ಬೆರೆಯುತ್ತದೆ. ಆಮೇಲೆ ಯಾವ ಹನಿ ಯಾರದು ಎಂದು ಹೇಳಲು ಯಾರಿಂದಲೂ ಆಗದು.

ಬಣ್ಣದ ಮಾತೂ ಸಣ್ಣದಲ್ಲ. ಅಂಗಡಿಯಲ್ಲಿ ನಿಂತು ಗಮನಿಸಿ: ಓದು ಬಾರದ ಅಜ್ಜಿಯೂ “ನೀಲಿ ಪಾಕೀಟು ಕೊಡು” ಎನ್ನುತ್ತಾಳೆ. ಆ ನೀಲಿ ಎಂದರೆ ಟೋನ್ಡ್ ಹಾಲು: ಫ್ಯಾಟ್ 3.0, ಎಸ್‌ಎನ್‌ಎಫ್ 8.5. ಕಿತ್ತಳೆ ಬಣ್ಣದ ಶುಭಂ ಎಂದರೆ ಫ್ಯಾಟ್ 4.5. ಸಂಘದಲ್ಲಿ ನಿಮ್ಮ ಹಾಲಿನ ಡಿಗ್ರಿ, ಫ್ಯಾಟ್ ನೋಡುತ್ತಾರಲ್ಲ, ಅದೇ ಅಂಕಿ ಕೊನೆಗೆ ಬಣ್ಣವಾಗಿ ಅಜ್ಜಿಯ ಕೈ ಸೇರುತ್ತದೆ.

ಒಂದು ಪದಕ್ಕಾಗಿ ಆದ ಗದ್ದಲ ನಿಮಗೆ ನೆನಪಿರಬಹುದು. 2023ರ ಮಾರ್ಚ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಅಚ್ಚು ಹಾಕಿ ಎಂದಿತು. ಕರ್ನಾಟಕ, ತಮಿಳುನಾಡಿನಲ್ಲಿ ವಿರೋಧ ಎದ್ದಿತು. ಅದೇ ತಿಂಗಳ 30ಕ್ಕೆ ಆದೇಶ ತಿದ್ದಿ, ಆಯಾ ಭಾಷೆಯ ಮಾತನ್ನು ಹಾಕಬಹುದು ಎಂದರು. ‘ಮೊಸರು’ ಮೊಸರಾಗಿಯೇ ಉಳಿಯಿತು. ಒಂದೇ ಪದ ತಾನೇ ಎಂದು ಆಗ ಕೆಲವರು ನಕ್ಕರು. ನನಗೆ ಅದು ನಗುವ ವಿಷಯ ಅನ್ನಿಸಲಿಲ್ಲ. ಗುರುತು ಎಂದಮೇಲೆ ನಮ್ಮ ಮಾತೂ ಅದರಲ್ಲಿ ಸೇರಿದೆ.

ಆದರೆ ಹೆಸರನ್ನು ಬೀಗ ಹಾಕಿ ಇಟ್ಟುಕೊಳ್ಳಲು ಆಗುವುದಿಲ್ಲ. ಬೆಂಗಳೂರಿನ ‘ನಂದಿನಿ ಡೀಲಕ್ಸ್’ ಹೋಟೆಲಿನವರು ಆ ಹೆಸರು ಬಳಸುವುದಕ್ಕೆ ಮಹಾಮಂಡಳ ತಕರಾರು ಮಾಡಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಜುಲೈನಲ್ಲಿ ಹೋಟೆಲಿನವರ ಪರ ತೀರ್ಪಾಯಿತು. ನಂದಿನಿ ಪುರಾಣದ ಆಕಳ ಹೆಸರು, ಒಬ್ಬರ ಸ್ವತ್ತಲ್ಲ. ಹೋಟೆಲಿನ ಊಟ ಬೇರೆ, ಹಾಲು ಬೇರೆ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ಹಕ್ಕು ಉಳಿಯಲಿಲ್ಲ. ಇನ್ನು 2021ರ ಡಿಸೆಂಬರ್‌ನಲ್ಲಿ ಮೈಸೂರು ಹತ್ತಿರ ನಕಲಿ ನಂದಿನಿ ತುಪ್ಪ ತಯಾರಿಸುತ್ತಿದ್ದ ಜಾಗ ಸಿಕ್ಕಿಬಿತ್ತು. ಚೀಟಿ, ಡಬ್ಬಿ, ಹೆಸರು ಎಲ್ಲವನ್ನೂ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಕಲು ಮಾಡಲು ಆಗದ್ದು ಒಳಗಿನ ಪದಾರ್ಥ ಮಾತ್ರ. ಅದು ನಿಮ್ಮ ಕೈಯಲ್ಲಿದೆ.

ಈಗ ಕೆಚ್ಚಲಿಗೆ ಬರೋಣ.

ಕೆಚ್ಚಲು ಬಾವು ಬಂದಾಗ ನಾವು ಮೊಲೆತೊಟ್ಟಿನೊಳಗೆ ಟ್ಯೂಬ್ ಹಾಕುತ್ತೇವೆ, ಸೂಜಿ ಮಾಡುತ್ತೇವೆ. ಅದರಲ್ಲಿರುವುದು ಆಂಟಿಬಯೋಟಿಕ್. ಔಷಧಿ ಹಾಕಿದ್ದು ಒಂದೇ ತೊಟ್ಟಿಗಾದರೂ ಅದು ರಕ್ತಕ್ಕೆ ಸೇರಿ ನಾಲ್ಕೂ ತೊಟ್ಟಿನ ಹಾಲಿಗೆ ಬರುತ್ತದೆ. “ಆ ತೊಟ್ಟಿನ ಹಾಲು ಬಿಟ್ಟು ಉಳಿದ ಮೂರರದ್ದು ಹಾಕೀನ್ರಿ” ಎಂದು ಎಷ್ಟೋ ಮಂದಿ ಹೇಳುತ್ತಾರೆ. ಹಾಕಬಾರದು. ಕುದಿಸಿದರೆ ಹೋಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ.

ಇದರ ಪರಿಣಾಮ ನಿಮ್ಮ ಅಡುಗೆಮನೆಯಲ್ಲೇ ಕಾಣುತ್ತದೆ. ಔಷಧಿ ಇರುವ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ನೀರುನೀರಾಗಿ ಉಳಿಯುತ್ತದೆ. ರೋಗದ ಜೀವಾಣುವನ್ನು ಕೊಲ್ಲುವ ಔಷಧಿ ಮೊಸರಿನ ಜೀವಾಣುವನ್ನೂ ಬಿಡುವುದಿಲ್ಲ. ಡೇರಿಯಲ್ಲೂ ಹಾಗೇ ಆಗುತ್ತದೆ, ಆದರೆ ಅಲ್ಲಿ ಕೆಡುವುದು ಒಂದು ಗಡಿಗೆಯಲ್ಲ. ‘ಮೊಸರು’ ಎಂಬ ಪದ ಉಳಿಸಿಕೊಂಡೆವು. ಪ್ಯಾಕೆಟ್ಟಿನೊಳಗೆ ಗಟ್ಟಿ ಮೊಸರು ಇರದಿದ್ದರೆ ಆ ಪದಕ್ಕೆ ಬೆಲೆ ಎಲ್ಲಿ? ಒಂದು ಎಚ್ಚರಿಕೆ: ಮನೆಯಲ್ಲಿ ಹೆಪ್ಪುಗಟ್ಟಿತು ಎಂದ ಮಾತ್ರಕ್ಕೆ ಔಷಧಿ ಪೂರ್ತಿ ಹೋಗಿದೆ ಎಂದಲ್ಲ. ಅದನ್ನೇ ಪರೀಕ್ಷೆ ಎಂದುಕೊಳ್ಳಬೇಡಿ.

ಎಷ್ಟು ದಿನ ಹಾಲು ತಡೆಯಬೇಕು ಎಂಬುದು ಔಷಧಿಯ ಡಬ್ಬಿಯ ಮೇಲೆ ಬರೆದಿರುತ್ತದೆ, ಒಂದೊಂದಕ್ಕೆ ಒಂದೊಂದು. ಅವಧಿಯನ್ನು ಖಚಿತಪಡಿಸಿರದ ಔಷಧಿಯಾದರೆ ಹಾಲಿಗೆ ಕನಿಷ್ಠ 7 ದಿನ ಎಂದು 2012ರಿಂದ ನಿಯಮವಿದೆ. ಎಣಿಸುವುದು ಕೊನೆಯ ಡೋಸಿನಿಂದ, ಮೊದಲನೆಯದರಿಂದಲ್ಲ. 72 ಗಂಟೆ ಎಂದಿದ್ದು, ಕೊನೆಯ ಟ್ಯೂಬ್ ಸೋಮವಾರ ಸಂಜೆ ಹಾಕಿದ್ದರೆ, ಶುಕ್ರವಾರ ಬೆಳಗಿನ ಹಾಲನ್ನು ಸಂಘಕ್ಕೆ ತನ್ನಿ. ತಡೆದ ಹಾಲನ್ನು ಕರುವಿಗೆ ಕುಡಿಸಬೇಡಿ, ತಗ್ಗು ತೋಡಿ ಚೆಲ್ಲಿ. ಚಿಕಿತ್ಸೆ ಕೊಟ್ಟವರು ಸರ್ಕಾರಿ ದವಾಖಾನೆಯವರಿರಲಿ, ಊರಿನ ಖಾಸಗಿಯವರಿರಲಿ, “ಎಷ್ಟು ದಿನ ಹಾಲು ಹಾಕಬಾರದು?” ಎಂದು ಕೇಳಿ, ನಿಮ್ಮ ಹಾಲಿನ ಪುಸ್ತಕದಲ್ಲೇ ತಾರೀಖು ಬರೆಸಿಕೊಳ್ಳಿ, ಕಾರ್ಯದರ್ಶಿಗೂ ಹೇಳಿ.

ಈ ಹಾಲು ಹೋಗುವುದು ದೂರದ ಪಟ್ಟಣಕ್ಕೆ ಮಾತ್ರವಲ್ಲ. 2013ರ ಆಗಸ್ಟ್ 1ರಿಂದ ನಡೆಯುತ್ತಿರುವ ಕ್ಷೀರಭಾಗ್ಯದಲ್ಲಿ ಶಾಲೆ, ಅಂಗನವಾಡಿ ಮಕ್ಕಳಿಗೆ ಕೊಡುವುದು ಇದೇ ನಂದಿನಿ ಹಾಲಿನ ಪುಡಿ, ಶಾಲೆಯಲ್ಲಿ 18 ಗ್ರಾಂ ಪುಡಿಗೆ 150 ಮಿಲಿ ಹಾಲು. ಲೋಟ ಹಿಡಿದು ಸಾಲಿನಲ್ಲಿ ನಿಲ್ಲುವುದು ನಿಮ್ಮ ಮನೆಯ ಮಕ್ಕಳೇ.

ಮೂರ್ನಾಲ್ಕು ದಿನ ಹಾಲು ಚೆಲ್ಲಿದರೆ ಆ ಸಲದ ಬಟವಾಡೆ ಎಷ್ಟು ಕಡಿಮೆಯಾಗುತ್ತದೆ ಎಂದು ನನಗೆ ಗೊತ್ತು. ಒಂದೇ ಎಮ್ಮೆ ಇರುವ ಮನೆಗೆ ಅದು ಸಣ್ಣ ಮಾತಲ್ಲ. ಹೆಸರಿನ ಲಾಭ ಎಲ್ಲರಿಗೂ, ಅದನ್ನು ಕಾಯುವ ನಷ್ಟ ಮಾತ್ರ ಪ್ರಾಮಾಣಿಕಳಾದ ಒಬ್ಬಳಿಗೆ ಎಂದರೆ ನ್ಯಾಯವಲ್ಲ. ಹೀಗೆ ಹಾಲು ತಡೆದವಳಿಗೆ ಸಂಘದಿಂದ ಸ್ವಲ್ಪವಾದರೂ ನೆರವು ಸಿಗಬೇಕು ಎಂಬುದು ನನ್ನ ಸ್ವಂತ ಅಭಿಪ್ರಾಯ. ವಾರ್ಷಿಕ ಸಭೆಯಲ್ಲಿ ಈ ವಿಷಯ ಎತ್ತಿ. ನೀವು ಸದಸ್ಯರು, ಕೇಳುವ ಹಕ್ಕಿದೆ.

ಬಾವು ಬರದಂತೆ ನೋಡಿಕೊಳ್ಳುವುದು ಇನ್ನೂ ಅಗ್ಗ. ಪ್ರತಿ ತೊಟ್ಟಿನ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡಿ ನೋಡಿ. ಗಡ್ಡೆ ಅಥವಾ ಎಳೆ ಕಂಡರೆ ಅಂದೇ ಕರೆ ಮಾಡಿ. ಹಿಂಡಿದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಒಂದು ಹಿಡಿ ಕಣಿಕೆ ಹಾಕಿ ಅರ್ಧ ಗಂಟೆ ನಿಂತಿರುವಂತೆ ಮಾಡಿ. ಹಿಂಡಿದ ಕೂಡಲೇ ತೊಟ್ಟಿನ ಬಾಯಿ ತೆರೆದಿರುತ್ತದೆ, ಮಲಗಿದರೆ ಸಗಣಿಯ ಜೀವಾಣು ಒಳಗೆ ಹೋಗುತ್ತದೆ.

ಇನ್ನು ಊರ ಹೆಸರಿನ ಆಸೆ. ಹಾಲಿಗೆ ಆಗದಿದ್ದರೂ, ಸ್ವಸಹಾಯ ಗುಂಪಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಮಾಡಿ ಮಾರುವವರು ಧಾರಾಳವಾಗಿ ಹಾಕಿಕೊಳ್ಳಬಹುದು. (ಶೇಂಗಾ ಹಿಂಡಿ ಎಂದರೆ ಹೊರಗಿನವರು ದನದ ಹಿಂಡಿ ಎಂದುಕೊಂಡಾರು, ಚಟ್ನಿಪುಡಿ ಎಂದೂ ಬರೆಯಿರಿ.) ಅಚ್ಚಿನ ಅಂಗಡಿಗೆ ಹೋಗುವ ಮೊದಲು ಮೂರು ತಿಂಗಳು ಒಂದೇ ಅಳತೆ, ಒಂದೇ ರುಚಿ ಬರುತ್ತದೆಯೇ ನೋಡಿ. ಹೆಸರು ಒಂದೇ ಉಸಿರಿನಲ್ಲಿ ಹೇಳುವಂತಿರಲಿ, ಬಣ್ಣ ಎರಡು ಸಾಕು, ಆಮೇಲೆ ಬದಲಿಸಬೇಡಿ. ನಂದಿನಿಯ ಹಾಗೆ ಕಾಣುವ ಚೀಟಿ ಬೇಡ. ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಯ ಸಂಖ್ಯೆ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಏನೇನು ಹಾಕಿದೆ, ಗುಂಪಿನ ವಿಳಾಸ ಇವು ಚೀಟಿಯ ಮೇಲೆ ಓದುವಷ್ಟು ದೊಡ್ಡದಾಗಿರಲಿ. ವಿಳಾಸದ ಸಾಲಿನಲ್ಲಿ ಅರಕೇರಾ ಎಂದು ಕನ್ನಡದಲ್ಲೇ ಬರೆಸಿ.