ಪಕ್ಕೆಲುಬಿಗೆ ಪಕ್ಕದ ಕೆಂಡ

ಲಕ್ಕವಳ್ಳಿ, ತರೀಕೆರೆ ಕಡೆಯ ತೋಟದ ಮನೆಗಳಲ್ಲಿ ಕೆಂಡಕ್ಕೆ ಬರವಿಲ್ಲ. ಇದ್ದಿಲು ಮುಗಿದರೆ ತೆಂಗಿನ ಕರಟವಾದರೂ ಇರುತ್ತದೆ. ಆದರೂ ಕುರಿಯದೋ ಹಂದಿಯದೋ ಪಕ್ಕೆಲುಬನ್ನು ಸುಡಲು ಕೂತವರು ನಿಗಿನಿಗಿ ಕೆಂಡದ ಮೇಲೆಯೇ ಜಾಲರಿ ಇಟ್ಟು ಮಾಂಸ ಹರಡಿಬಿಡುತ್ತಾರೆ. ಸ್ವಲ್ಪ ಹೊತ್ತಿಗೇ ಹೊರಗೆಲ್ಲ ಕರಕಲು, ಎಲುಬಿನ ಬುಡದಲ್ಲಿ ಹಸಿ. ಬೈಗುಳ ಮಾತ್ರ ಮಾಂಸದಂಗಡಿಯವನಿಗೆ. ದೋಷವಿರುವುದು ಕೆಂಡ ಹಾಕಿದ ಜಾಗದಲ್ಲಿ. ಎಲುಬುಗಳ ನಡುವಿನ ಮಾಂಸ ಉಸಿರಾಟಕ್ಕೆ ಸದಾ ದುಡಿಯುವಂಥದ್ದು. ಅದರಲ್ಲಿ ಕೊಲಾಜನ್ ಎಂಬ ಬಿಗಿಯಾದ ನಾರು ಹೆಚ್ಚು. ಮಾಂಸದ ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಮೆಲ್ಲಗೆ ಜೆಲಟಿನ್ ಆಗತೊಡಗುತ್ತದೆ, 90ರ ಆಚೀಚೆ ಚೆನ್ನಾಗಿ ಬಿಡುತ್ತದೆ. ಇದಕ್ಕೆ ಬೇಕಾದದ್ದು ಉರಿಗಿಂತ ಹೆಚ್ಚಾಗಿ ಹೊತ್ತು. ನೇರ ಝಳ ಅಷ್ಟು ಹೊತ್ತು ಕೊಡುವುದಿಲ್ಲ. ಜೊತೆಗೆ, ಕರಗಿದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಭಗ್ಗನೆ ಹೊತ್ತಿಕೊಂಡು, ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತಗಳಿರುವ ಮಸಿಹೊಗೆಯನ್ನು ಮತ್ತೆ ಮಾಂಸಕ್ಕೇ ಮೆತ್ತುತ್ತದೆ.

ಆದ್ದರಿಂದ ಕೆಂಡವನ್ನು ಗ್ರಿಲ್ಲಿನ ಎರಡೂ ಅಂಚಿಗೆ ಸರಿಸಿ, ನಡುವೆ ನೀರು ತುಂಬಿದ ತಟ್ಟೆ ಇಟ್ಟು, ಮಾಂಸವನ್ನು ಅದರ ನೇರ ಮೇಲಕ್ಕೆ ಬರುವಂತೆ ಇಡಬೇಕು. ಎಲುಬಿನ ಮಗ್ಗುಲಿಗೆ ಅಂಟಿದ ತೆಳುಪೊರೆಯನ್ನು ಮೊದಲೇ ಎಳೆದು ತೆಗೆಯಿರಿ. ಮುಚ್ಚಳ ಮುಚ್ಚಿ, ಗಾಳಿಕಿಂಡಿ ಹಿಗ್ಗಿಸಿ ಕುಗ್ಗಿಸಿ, ಒಳಗಿನ ಬಿಸಿಯನ್ನು 120ರಿಂದ 140 ಡಿಗ್ರಿಯಲ್ಲಿ ಹಿಡಿದರೆ ಹಂದಿಯ ಪಕ್ಕೆಗೆ ಮೂರು ನಾಲ್ಕು ತಾಸು ಬೇಕು. ಕುರಿಯದು ತೆಳು, ಬೇಗ ಆಗುತ್ತದೆ. ಮಾಂಸ ಹಿಂದೆ ಸರಿದು ಎಲುಬಿನ ತುದಿ ಬಿಳಿಯಾಗಿ ಹೊರಬರಬೇಕು. ಇಕ್ಕಳದಲ್ಲಿ ಒಂದು ತುದಿ ಎತ್ತಿದರೆ ಪಕ್ಕೆ ಬಾಗಿ ಮೇಲ್ಮೈ ಬಿರಿಯಬೇಕು. ಅದೇ ಹದ. ಬೆಲ್ಲವೋ ಜೇನೋ ಸವರುವುದಿದ್ದರೆ ಕೊನೆಗೆ. ಸಿಹಿ ಬೇಗ ಸೀಯುತ್ತದೆ.

ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿ ಆಮೇಲೆ ಸುಟ್ಟರಾಗದೆ ಎಂದು ಕೇಳುವವರುಂಟು. ಆಗುತ್ತದೆ, ಮೆತ್ತಗೂ ಆಗುತ್ತದೆ. ಆದರೆ ರಸವೆಲ್ಲ ನೀರಿಗಿಳಿಯುತ್ತದೆ, ಹೊಗೆ ಒಳಗಿಳಿಯುವುದಿಲ್ಲ. ಆ ನೀರಿನಲ್ಲಿ ಸಾರು ಮಾಡುವುದಾದರೆ ತಕರಾರಿಲ್ಲ. ಪಕ್ಕದ ಕೆಂಡದಲ್ಲಿ ಸುಟ್ಟ ರುಚಿ ತಪ್ಪುತ್ತದೆ ಎಂಬ ಆಕ್ಷೇಪಕ್ಕೆ ಮದ್ದು ಸುಲಭ: ಬೆಂದ ಮೇಲೆ ಎರಡು ನಿಮಿಷ ಕೆಂಡದ ಮೇಲಕ್ಕೆ ಸರಿಸಿದರಾಯಿತು. ಇದೆಲ್ಲ ಅಮೆರಿಕದ ಶೋಕಿ ಎನ್ನುವವರ ಮಾತು ಅರ್ಧ ನಿಜ. ಮುಚ್ಚಳದ ದುಂಡು ಗ್ರಿಲ್ಲನ್ನು 1952ರಲ್ಲಿ ಶಿಕಾಗೋ ಬಳಿಯ ಜಾರ್ಜ್ ಸ್ಟೀಫನ್ ಮಾಡಿದ್ದು, ಅದೂ ನೀರಿನಲ್ಲಿ ತೇಲುವ ಲೋಹದ ಬೋಯ್ ಕತ್ತರಿಸಿ. ಆದರೆ ರೊಟ್ಟಿಯನ್ನು ಒಲೆಯ ಕಿಚ್ಚಿಗೆ ಒರಗಿಸಿ ಸುಡುವವರಿಗೆ, ಒಲೆಯ ಮೇಲಿನ ಹೊಗೆಯಲ್ಲಿ ಮಾಂಸ ಒಣಗಿಸುವ ಕೊಡಗಿನವರಿಗೆ, ಪಕ್ಕದ ಶಾಖದ ಗುಣವನ್ನು ಯಾರೂ ಕಲಿಸಬೇಕಿಲ್ಲ.

ಒಂದು ಎಚ್ಚರ. ಮುಚ್ಚಿಟ್ಟ ಕೆಂಡ ಊಟ ಮುಗಿದ ಮೇಲೂ ತಾಸುಗಟ್ಟಲೆ ಜೀವ ಹಿಡಿದಿರುತ್ತದೆ, ಲಕ್ಕವಳ್ಳಿಯ ಮಗ್ಗುಲಲ್ಲೇ ಭದ್ರಾ ಅಭಯಾರಣ್ಯವಿದೆ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು, ಉರಿಯುತ್ತಿರುವುದನ್ನು ಬಿಟ್ಟುಹೋಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಗ್ರಿಲ್ಲು ಮನೆಯಂಗಳದಲ್ಲೇ ಇರಲಿ; ಏಳುವ ಮುನ್ನ ಕೆಂಡಕ್ಕೆ ಒಂದು ಕೊಡ ನೀರು ಸುರಿಯಿರಿ.