ನಳಿಗೆಯ ಅಳತೆಗೆ ತಕ್ಕ ಸೀಸ

ಎರಡು ಮಹಾಯುದ್ಧಗಳ ಕಾಲದಲ್ಲಿ ಸಿಪಾಯಿಗಳು ಹೊತ್ತು ನಡೆದ ಲಕ್ಷಗಟ್ಟಲೆ ರೈಫಲುಗಳು ಯುದ್ಧ ಮುಗಿದ ಮೇಲೆ ಅಮೆರಿಕದ ಪೇಟೆಗೆ ಬಂದವು. ಬ್ರಿಟನ್ನಿನ ಲೀ-ಎನ್‌ಫೀಲ್ಡ್, ರಷ್ಯದ ಮೊಸಿನ್-ನಗಾಂಟ್, ಜರ್ಮನಿಯ ಮೌಸರ್, ಸ್ವಿಟ್ಜರ್ಲೆಂಡಿನ ಕೆ-31 ಹೀಗೆ ಸೇನೆಗಳು ಕೈಬಿಟ್ಟದ್ದನ್ನು ಅಲ್ಲಿನ ಹವ್ಯಾಸಿಗಳು ಕೊಂಡರು. ಅಮೆರಿಕದ್ದೇ ಆದ 1903ರ ಸ್ಪ್ರಿಂಗ್‌ಫೀಲ್ಡ್ ಕೂಡ ಹಾಗೆಯೇ ಜನರ ಕೈಗೆ ಬಂತು. ಕೊಂಡವರಲ್ಲಿ ಒಂದು ಗುಂಪಿನವರು ಕಾರ್ಖಾನೆಯ ತೋಟಾಗಳನ್ನು ಬಳಸುವುದಿಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡನ್ನು ತಾವೇ ಎರಕ ಮಾಡುತ್ತಾರೆ. ಒಮ್ಮೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೋಶಕ್ಕೆ ಹೊಸ ಕೇಪು ಕೂರಿಸಿ, ಮದ್ದು ಸುರಿದು, ಮೇಲೆ ಆ ಗುಂಡನ್ನು ಇಡುತ್ತಾರೆ. ಎರಕದ ಗುಂಡಿನವರಿಗಾಗಿಯೇ 1976ರಲ್ಲಿ ಹುಟ್ಟಿದ ಕಾಸ್ಟ್ ಬುಲೆಟ್ ಅಸೋಸಿಯೇಷನ್ ಎಂಬ ಸಂಘವಿದೆ. ಹಳೆಯ ಮಿಲಿಟರಿ ರೈಫಲುಗಳಿಗೆ ಅದರ ಸ್ಪರ್ಧೆಗಳಲ್ಲಿ ಪ್ರತ್ಯೇಕ ವಿಭಾಗವೂ ಇದೆ. ಆದರೂ ಬಂದೂಕು ಬಲ್ಲವರಲ್ಲಿಯೇ ಅನೇಕರ ನಂಬಿಕೆ ಬೇರೆ. ತಾಮ್ರದ ಹೊದಿಕೆಯ ಗುಂಡಿಗೆಂದು ಮಾಡಿದ ರೈಫಲಿಗೆ ಬರಿಯ ಸೀಸ ಒಗ್ಗುವುದಿಲ್ಲ, ಅದು ಮೆತ್ತಗಿರುವುದರಿಂದ ನಳಿಗೆಯೊಳಗೆ ಬಳಿದುಕೊಳ್ಳುತ್ತದೆ, ಗುರಿ ತಪ್ಪುತ್ತದೆ ಎನ್ನುತ್ತಾರೆ. ಸೋಲು ಆಗುವುದು ನಿಜ. ಆದರೆ ಕಾರಣವೆಂದು ಅವರು ಹೇಳುವುದು ತಪ್ಪು. ಈ ರೈಫಲುಗಳಲ್ಲಿ ಸೀಸ ಸೋಲುವುದು ಬಹುಪಾಲು ಅಳತೆ ತಪ್ಪಿದ್ದರಿಂದ. ಮೆತ್ತಗಿನ ಗುಣಕ್ಕೆ ಅದರಲ್ಲಿ ಸಣ್ಣ ಪಾಲು ಮಾತ್ರ.

ಸೇನೆಗಳು ಸೀಸದ ಗುಂಡನ್ನು ಬಿಟ್ಟದ್ದಕ್ಕೆ ಗಟ್ಟಿ ಕಾರಣವಿತ್ತು, ಅದನ್ನು ಮೊದಲು ಒಪ್ಪಿಕೊಳ್ಳಬೇಕು. 1871ರ ಬ್ರಿಟಿಷ್ ಮಾರ್ಟಿನಿ-ಹೆನ್ರಿ ಸುಮಾರು 31 ಗ್ರಾಂ ತೂಕದ, ತವರ ಬೆರೆತ ಸೀಸದ ಗುಂಡನ್ನು ಕಾಗದ ಸುತ್ತಿ ಹಾರಿಸುತ್ತಿತ್ತು. 1873ರ ಅಮೆರಿಕನ್ ಸ್ಪ್ರಿಂಗ್‌ಫೀಲ್ಡಿನ ಗುಂಡು ಸುಮಾರು 26 ಗ್ರಾಂ. ಕರಿಮದ್ದಿನ ಬಲದಲ್ಲಿ ಇವು ಸೆಕೆಂಡಿಗೆ 400 ಮೀಟರಿನ ಆಸುಪಾಸಿನಲ್ಲಿ ಓಡುತ್ತಿದ್ದವು, ಅಷ್ಟು ವೇಗವನ್ನು ಸೀಸ ತಾಳಿಕೊಳ್ಳುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪೌಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ; ಎರಡೇ ವರ್ಷದಲ್ಲಿ ಅದನ್ನು ಬಳಸುವ ಲೆಬೆಲ್ ರೈಫಲ್ ಬಂತು. ನಳಿಗೆಯ ರಂಧ್ರ 8 ಮಿಲಿಮೀಟರಿಗೆ ಇಳಿಯಿತು, ವೇಗ 600 ಮೀಟರ್ ದಾಟಿತು. ನಳಿಗೆಯ ಒಳಮೈಯ ಸುರುಳಿ ತೋಡುಗಳು ಗುಂಡನ್ನು ಹಿಡಿದು ತಿರುಗಿಸಬೇಕು. ಈ ವೇಗದಲ್ಲಿ ಬರಿಯ ಸೀಸ ತೋಡಿಗೆ ಸಿಕ್ಕದೆ ಜಾರಿ ಸವೆಯುತ್ತಿತ್ತು. ಸ್ವಿಸ್ ಸೇನಾಧಿಕಾರಿ ಎಡ್ವರ್ಡ್ ರೂಬಿನ್ 1882ರ ಹೊತ್ತಿಗೇ ತಾಮ್ರದ ಹೊದಿಕೆಯ ಗುಂಡನ್ನು ರೂಪಿಸಿದ್ದ. ಸೇನೆಗಳೆಲ್ಲ ಆ ದಾರಿ ಹಿಡಿದವು. ಮೊದಲ ಮಹಾಯುದ್ಧದಲ್ಲಿ ಬಳಕೆಯಾದ, ನಮ್ಮಲ್ಲಿ ತ್ರೀ ನಾಟ್ ತ್ರೀ ಎಂದೇ ಹೆಸರಾದ .303 ಲೀ-ಎನ್‌ಫೀಲ್ಡ್ ರೈಫಲಿನ 11 ಗ್ರಾಂ ಗುಂಡು ಸೆಕೆಂಡಿಗೆ 744 ಮೀಟರ್ ವೇಗದ್ದು. ಅಂದರೆ ಸೀಸವನ್ನು ಹೊರದಬ್ಬಿದ್ದು ವೇಗ. ಅಷ್ಟು ವೇಗ ಬೇಕಾದದ್ದು ಎಂಟುನೂರು ಮೀಟರಿನಾಚೆಗೂ ಗುಂಡು ಹಾಯಿಸಬೇಕಿದ್ದ ಸಿಪಾಯಿಗೆ. ನೂರಿನ್ನೂರು ಗಜ ದೂರದ ಕಾಗದಕ್ಕೆ ಗುರಿಯಿಡುವವರಿಗೆ 450 ರಿಂದ 550 ಮೀಟರ್ ಧಾರಾಳ ಸಾಕು. ಆ ವೇಗದಲ್ಲಿ ಹೊದಿಕೆಯಿಲ್ಲದ ಗುಂಡು ಮತ್ತೆ ಕೆಲಸಕ್ಕೆ ಬರುತ್ತದೆ.

ಬರುತ್ತದೆಯೆಂದರೆ ತಾನಾಗಿ ಬರುವುದಿಲ್ಲ. ಅಮೆರಿಕದ ಫ್ರಾಂಕ್ಲಿನ್ ಮ್ಯಾನ್ ಎಂಬ ವೈದ್ಯ ವರ್ಷಾನುಗಟ್ಟಲೆ ಪ್ರಯೋಗ ಮಾಡಿ 1909ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದ. ಬೇಕೆಂದೇ ಮೂತಿ ಕೆಡಿಸಿದ ಗುಂಡುಗಳನ್ನೂ ತಳ ಕೆಡಿಸಿದ ಗುಂಡುಗಳನ್ನೂ ಹಾರಿಸಿ ಹೋಲಿಸಿದಾಗ, ಮೂತಿಯ ಊನದಿಂದ ಹೆಚ್ಚು ಹಾನಿಯಿಲ್ಲ, ತಳದ ಊನ ಮಾತ್ರ ಗುಂಡನ್ನು ದಾರಿ ತಪ್ಪಿಸುತ್ತದೆ ಎಂದು ಅವನಿಗೆ ಕಂಡಿತು. ನಳಿಗೆಯ ಬಾಯಿಯಿಂದ ಗುಂಡು ಹೊರಬೀಳುವ ಕ್ಷಣದಲ್ಲಿ ಹಿಂದಿನಿಂದ ನುಗ್ಗುವ ಅನಿಲ, ಸೊಟ್ಟಾದ ತಳವನ್ನು ಒಂದು ಪಕ್ಕದಿಂದ ಮೊದಲು ತಳ್ಳುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಗುಂಡು ನೆಟ್ಟಗೆ, ತಳ ಕೆಡದೆ ಹೊರಗೆ ಬರುತ್ತದೆಯೇ ಎಂಬುದು. ತೋಡಿನ ವ್ಯಾಸಕ್ಕಿಂತ ಗುಂಡು ಸಣ್ಣದಿದ್ದರೆ ಪಕ್ಕದಲ್ಲಿ ಸಂದಿ ಉಳಿಯುತ್ತದೆ. ಕಾದ ಅನಿಲ ಆ ಸಂದಿಯಲ್ಲಿ ಹಾಯ್ದು ಸೀಸವನ್ನು ಕೊರೆಯುತ್ತದೆ, ಕೊರೆದದ್ದು ನಳಿಗೆಯ ಗೋಡೆಗೆ ಅಂಟುತ್ತದೆ, ಮುಂದಿನ ಗುಂಡು ಆ ಅಂಟಿನ ಮೇಲೆ ಉಜ್ಜಿಕೊಂಡು ಬರುತ್ತದೆ. ಇದನ್ನು ಕಂಡವರು ಸೀಸ ಮೆತ್ತಗಾಯಿತೆಂದು ಇನ್ನೂ ಗಡಸು ಗುಂಡು ಎರಕ ಹೊಯ್ಯುತ್ತಾರೆ. ಮೆತ್ತನೆಯ ಗುಂಡಾದರೋ ಮದ್ದಿನ ಒತ್ತಡಕ್ಕೆ ಕೊಂಚ ಉಬ್ಬಿ ಸಂದಿಯನ್ನು ಮುಚ್ಚಬಲ್ಲದು. ಗಡಸು ಗುಂಡು ಹಾಗೆ ಉಬ್ಬುವುದಿಲ್ಲ, ಸಂದಿ ಸಂದಿಯಾಗಿಯೇ ಉಳಿಯುತ್ತದೆ. ಔಷಧವೇ ಇಲ್ಲಿ ರೋಗವನ್ನು ಹೆಚ್ಚಿಸುತ್ತದೆ.

ಅಳತೆ ಯಾಕೆ ತಪ್ಪುತ್ತದೆ ಎಂದರೆ, ರೈಫಲಿನ ಹೆಸರಿನಲ್ಲಿರುವ ಅಂಕಿಯನ್ನು ನಂಬುವುದರಿಂದ. .303 ಎಂಬುದು ತೋಡುಗಳ ನಡುವೆ ಎದ್ದುನಿಂತ ಏಣುಗಳ ನಡುವಿನ ಅಂತರ, ಇಂಚಿನಲ್ಲಿ. ಗುಂಡು ತುಂಬಬೇಕಾದದ್ದು ತೋಡಿನ ಆಳದವರೆಗೆ. ಆ ವ್ಯಾಸ ಕಾಗದದ ಮೇಲೆ 0.313 ಇಂಚಿನಷ್ಟು, ಯುದ್ಧದ ಗಡಿಬಿಡಿಯಲ್ಲಿ ಮಾಡಿದ ನಳಿಗೆಗಳಲ್ಲಿ 0.315, 0.316 ಕೂಡ ಸಿಗುತ್ತದೆ. ಮೊಸಿನ್-ನಗಾಂಟ್ 7.62 ಮಿಲಿಮೀಟರ್ ಎನಿಸಿಕೊಂಡರೂ ಅದರ ತೋಡಿನ ವ್ಯಾಸ 0.310 ರಿಂದ 0.316 ಇಂಚಿನವರೆಗೆ ಹರಡಿದೆ. 1903ರ ಸ್ಪ್ರಿಂಗ್‌ಫೀಲ್ಡಿನ 0.308ಕ್ಕೆಂದು ಮಾಡಿದ ಅಚ್ಚಿನ ಗುಂಡನ್ನು 0.314ರ ರಷ್ಯನ್ ನಳಿಗೆಗೆ ಹಾಕಿದರೆ ಕೂದಲೆಳೆಯ ದಪ್ಪದ ಸಂದಿ ಸುತ್ತಲೂ ಉಳಿಯುತ್ತದೆ, ಅನಿಲಕ್ಕೆ ಅಷ್ಟೇ ಸಾಕು. ತಾಮ್ರದ ಹೊದಿಕೆ ಇಂತಹ ಸಂದಿಯನ್ನು ಸಹಿಸಿಕೊಂಡದ್ದರಿಂದ ಕಾರ್ಖಾನೆಗಳಿಗೂ ಸೇನೆಗಳಿಗೂ ಅದರ ಚಿಂತೆ ಇರಲಿಲ್ಲ. ಸವೆತವೂ ಇದಕ್ಕೆ ಸೇರುತ್ತದೆ. 1888ರ ಲೀ-ಮೆಟ್‌ಫರ್ಡ್ ರೈಫಲಿನ ಆಳವಿಲ್ಲದ ತೋಡುಗಳನ್ನು ಕಾರ್ಡೈಟ್ ಮದ್ದಿನ ಶಾಖ ಬೇಗ ತಿಂದುಹಾಕಿದ್ದರಿಂದಲೇ 1895ರಲ್ಲಿ ಆಳದ ತೋಡಿನ ಲೀ-ಎನ್‌ಫೀಲ್ಡ್ ಬರಬೇಕಾಯಿತು. ಆ ಶಾಖವನ್ನು ದಶಕಗಟ್ಟಲೆ ಉಂಡ ನಳಿಗೆಯ ಕೊರಳು ಇವತ್ತು ಯಾವ ಪುಸ್ತಕದ ಅಳತೆಗೂ ಸಿಗುವುದಿಲ್ಲ.

ಹಾಗಾಗಿ ಬಲ್ಲವರು ಅಚ್ಚು ಕೊಳ್ಳುವ ಮೊದಲೇ ನಳಿಗೆಯನ್ನು ಅಳೆಯುತ್ತಾರೆ. ಅಪ್ಪಟ ಸೀಸದ, ತುಸು ದಪ್ಪನೆಯ ತುಂಡೊಂದಕ್ಕೆ ಎಣ್ಣೆ ಸವರಿ ಖಾಲಿ ನಳಿಗೆಯೊಳಗೆ ಮೆಲ್ಲಗೆ ತಳ್ಳಿ ಹೊರತೆಗೆದರೆ ಒಳಮೈಯೆಲ್ಲ ಅದರ ಮೇಲೆ ಮೂಡಿರುತ್ತದೆ. ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು, ಗುಂಡನ್ನು ಅದಕ್ಕಿಂತ ಇಂಚಿನ ಸಾವಿರದ ಒಂದೆರಡು ಪಾಲು ದಪ್ಪ ಇಟ್ಟುಕೊಳ್ಳುತ್ತಾರೆ. ಲೀ-ಎನ್‌ಫೀಲ್ಡಿನಲ್ಲಿ ಇದೂ ಸುಲಭವಲ್ಲ. ಅದಕ್ಕೆ ಸಾಮಾನ್ಯವಾಗಿ ಐದು ತೋಡು. ಬೆಸ ಸಂಖ್ಯೆಯಾದ್ದರಿಂದ ಒಂದು ತೋಡಿನ ಎದುರಿಗೆ ಇನ್ನೊಂದು ತೋಡು ಇರುವುದಿಲ್ಲ, ಏಣು ಇರುತ್ತದೆ. ಸಾದಾ ಮೈಕ್ರೋಮೀಟರ್ ತೋರಿಸುವ ಅಂಕಿ ಅಲ್ಲಿ ನಿಜವಾದ ವ್ಯಾಸಕ್ಕಿಂತ ಕಡಿಮೆ. ಬ್ರಿಟಿಷ್ ರೈಫಲಿನಲ್ಲಿ ಸೀಸ ನಡೆಯುವುದಿಲ್ಲವೆಂಬ ಮಾತಿನ ಹಿಂದೆ ಈ ತಪ್ಪು ಅಳತೆಯೂ ಇದೆಯೆಂದು ನನ್ನ ಅನುಮಾನ.

ಗಡಸುತನಕ್ಕೆ ಬೆಲೆಯೇ ಇಲ್ಲವೆಂದಲ್ಲ, ಅದರ ಸರದಿ ಅಳತೆಯ ನಂತರ. ಅಪ್ಪಟ ಸೀಸದ ಗಡಸುತನ ಬ್ರಿನೆಲ್ ಮಾನದಲ್ಲಿ ಸುಮಾರು 5. ನೂರಕ್ಕೆ 90 ಪಾಲು ಸೀಸ, 5 ತವರ, 5 ಆಂಟಿಮನಿ ಸೇರಿದರೆ 15ರ ಹತ್ತಿರ ಬರುತ್ತದೆ, ನಾನು ಹೇಳಿದ ವೇಗಕ್ಕೆ ಇದು ಸಾಕು. ಇವೇ ಮೂರು ಲೋಹಗಳು ಬೇರೆ ಪ್ರಮಾಣದಲ್ಲಿ ಕನ್ನಡದ ಅಚ್ಚುಮೊಳೆಗಳಲ್ಲಿಯೂ ಇದ್ದವು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹಿಡಿದು ಊರೂರಿನ ಮುದ್ರಣಾಲಯದವರೆಗೆ ಅಕ್ಷರ ಜೋಡಿಸಿದ್ದು ಈ ಮಿಶ್ರಣದಿಂದ. ಆಂಟಿಮನಿ ಇದ್ದರೆ ಮಿಶ್ರಲೋಹ ಗಟ್ಟಿಯಾಗುವಾಗ ಹೆಚ್ಚು ಕುಗ್ಗುವುದಿಲ್ಲ, ಅಚ್ಚಿನ ಮೂಲೆಮೂಲೆಗೂ ತುಂಬಿಕೊಳ್ಳುತ್ತದೆ. ಅಕ್ಷರದ ಅಂಚಿಗೂ ಗುಂಡಿನ ತಳದ ಅಂಚಿಗೂ ಬೇಕಾದ ಗುಣ ಒಂದೇ. ಅಮೆರಿಕದಲ್ಲಿ ಲೈನೊಟೈಪ್ ಯಂತ್ರಗಳು ಮೂಲೆ ಸೇರಿದಾಗ ಅಲ್ಲಿನ ಮೊಳೆ ಲೋಹ ಎಷ್ಟೋ ಹವ್ಯಾಸಿಗಳ ಕಡಾಯಿಗೆ ಬಂದದ್ದು ಇದೇ ಕಾರಣಕ್ಕೆ.

ಸೀಸಕ್ಕೆ ಜಿಡ್ಡೂ ಬೇಕು. 1857ರಲ್ಲಿ ಎನ್‌ಫೀಲ್ಡ್ ತೋಟಾದ ಕೊಬ್ಬು ಸಿಪಾಯಿಗಳನ್ನು ಕೆರಳಿಸಿದ ಕತೆ ನಮಗೆಲ್ಲ ಗೊತ್ತು. ಆ ಜಿಡ್ಡು ಅಲ್ಲಿ ಯಾಕಿತ್ತು ಎಂದು ಪಾಠದಲ್ಲಿ ಹೇಳುವುದು ಕಡಿಮೆ. ಜಿಡ್ಡಿಲ್ಲದ ಸೀಸದ ಗುಂಡು ನಳಿಗೆಗೆ ಅಂಟುತ್ತದೆ, ಕರಿಮದ್ದಿನ ಕಿಟ್ಟ ಗಟ್ಟಿಯಾಗಿ ಮುಂದಿನ ಗುಂಡು ಇಳಿಯುವುದಿಲ್ಲ. ಇವತ್ತಿನ ಎರಕದ ಗುಂಡಿನ ಮೈಮೇಲೆ ಕಾಣುವ ಬಳೆಯಂಥ ಗೀರುಗಳು ಈ ಜಿಡ್ಡಿಗಾಗಿಯೇ, ಅದರಲ್ಲಿ ಜೇನುಮೇಣ ಈಗಲೂ ಮುಖ್ಯ ಪದಾರ್ಥ. ವೇಗ ಹೆಚ್ಚಬೇಕಾದಲ್ಲಿ ತಳಕ್ಕೆ ತಾಮ್ರದ ಪುಟ್ಟ ಟೊಪ್ಪಿ ತೊಡಿಸಿ ಅನಿಲದಿಂದ ಕಾಪಾಡುತ್ತಾರೆ.

ಕಾರ್ಖಾನೆಯ ತೋಟಾ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ರೈಫಲನ್ನೇ ಮುಂದಿಟ್ಟು ಉತ್ತರ ಕೊಡಬಹುದು. ನಳಿಗೆಯನ್ನು ತಿನ್ನುವುದು ಮುಖ್ಯವಾಗಿ ಮದ್ದಿನ ಶಾಖ. ಕಡಿಮೆ ಮದ್ದು ಬಳಸಿದರೆ ಸವೆತವೂ ಕಡಿಮೆ. ಯುದ್ಧಕಾಲದ ಹಳೆಯ ತೋಟಾಗಳ ಕೇಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದು ಉಳಿಸುವ ಉಪ್ಪು ಗಾಳಿಯ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಗುರಿಕಣ್ಣಿನ ವಿಷಯವೂ ಇದೆ. ಸ್ವೀಡನ್ನಿನ 1896ರ ಮೌಸರಿನಲ್ಲಿ ಅತಿ ಹತ್ತಿರದ ಗುರುತೇ 300 ಮೀಟರಿನದು. ಸೇನೆಯ ತೋಟಾ ಹಾಕಿ ನೂರು ಮೀಟರಿಗೆ ಹೊಡೆದರೆ ಗುಂಡು ಮೇಲಕ್ಕೆ ಹೋಗುತ್ತದೆ. ನಿಧಾನದ ಸೀಸದ ಗುಂಡು ದಾರಿಯಲ್ಲಿ ಹೆಚ್ಚು ತಗ್ಗುವುದರಿಂದ ಎಷ್ಟೋ ಸಲ ಗುರಿಯ ಹತ್ತಿರವೇ ಬೀಳುತ್ತದೆ. ನೂರು ವರ್ಷದ ಕುಶಲ ಕೆಲಸವೊಂದನ್ನು ಗೋಡೆಗೆ ತೂಗುಹಾಕದೆ ಬಳಕೆಯಲ್ಲಿ ಉಳಿಸಿಕೊಳ್ಳಲು ಇಷ್ಟು ಮೃದುವಾದ ದಾರಿ ಬೇರೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಮೃದು ಎಂದಾಕ್ಷಣ ಅಪಾಯವಿಲ್ಲವೆಂದು ತಿಳಿಯಬಾರದು. ದೊಡ್ಡ ಕೋಶದಲ್ಲಿ ಚೂರು ಮದ್ದು ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಮೈಮರೆತು ಎರಡು ಸಲ ಮದ್ದು ಸುರಿದರೂ ಹಿಡಿಸುತ್ತದೆ, ಆ ತೋಟಾ ರೈಫಲನ್ನು ಒಡೆದು ಹಾರಿಸಿದವನ ಮುಖಕ್ಕೇ ಎಸೆಯಬಲ್ಲದು. ಅದಕ್ಕೇ ಪ್ರಕಟಿತ ಕೈಪಿಡಿಯ ಪ್ರಮಾಣವನ್ನು ಮೀರದೆ, ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೋಶದೊಳಗೂ ಇಣುಕಿ ನೋಡುತ್ತಾರೆ. ಹಗುರ ಮದ್ದಿನಿಂದ ದುರ್ಬಲ ರೈಫಲನ್ನೂ ಬಳಸಬಹುದೆಂಬ ವಾದ ಆಗಾಗ ಕೇಳಿಬರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903ರ ಮಾದರಿಯಲ್ಲಿ 8,00,000ಕ್ಕಿಂತ ಕೆಳಗಿನ ಸಂಖ್ಯೆಯವುಗಳ ಉಕ್ಕು ಸರಿಯಾಗಿ ಹದವಾಗದೆ ಪೆಡಸಾಗಿರಬಹುದು. ಅವನ್ನು ಹಾರಿಸಬೇಡಿ ಎಂದೇ ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಹೇಳುತ್ತದೆ. ಮದ್ದು ಹಗುರವಾದ ಮಾತ್ರಕ್ಕೆ ಪೆಡಸು ಉಕ್ಕು ಬಲವಾಗುವುದಿಲ್ಲ. ಇನ್ನು ಭಾರತದಲ್ಲಿ .303 ನಿಷೇಧಿತ ವರ್ಗದ ಬಂದೂಕು, ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಅಪರಾಧ. ಕೊಡಗಿನಲ್ಲಿ ಕೋವಿ ಪರವಾನಗಿಗೆ ಇರುವ ವಿನಾಯಿತಿಯನ್ನೂ ಇದಕ್ಕೆ ಎಳೆದು ತರುವಂತಿಲ್ಲ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಸೀಸದ ವಿಷದ್ದು, ಅದನ್ನು ಹಗುರಾಗಿ ತಳ್ಳಿಹಾಕಲು ಬರುವುದಿಲ್ಲ. ರಕ್ತದಲ್ಲಿ ಸೀಸ ಇಷ್ಟಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಟ್ಟವೇ ಇಲ್ಲ. ಬೇಟೆಯ ಪ್ರಾಣಿಯಲ್ಲಿ ಉಳಿದ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದರಿಂದ ಕ್ಯಾಲಿಫೋರ್ನಿಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು. ಅದು ಸರಿಯಾದ ಕ್ರಮವೆಂದೇ ನನ್ನ ನಿಲುವು. ಇಲ್ಲಿಯ ವಾದ ಗುರಿ ಅಭ್ಯಾಸದ ಮೈದಾನಕ್ಕೆ ಮಾತ್ರ ಸಲ್ಲುತ್ತದೆ. ಎರಕದ ಕಡಾಯಿಯಿಂದ ವಿಷದ ಆವಿ ಏಳುತ್ತದೆಂಬ ಭಯ ದೊಡ್ಡದು, ಆದರೆ ಸೀಸ ಕರಗುವುದು 327 ಡಿಗ್ರಿಯಲ್ಲಿ, ಕುದಿಯುವುದು 1,700 ಡಿಗ್ರಿ ಮೀರಿದ ಮೇಲೆ. ನಿಜವಾದ ಅಪಾಯ ಕಿಟ್ಟ ತೆಗೆಯುವಾಗಿನ ಧೂಳು, ತೊಳೆಯದ ಕೈ, ಮುಚ್ಚಿದ ಕೊಠಡಿಯಲ್ಲಿ ಹಾರಿಸಿದಾಗ ಕೇಪಿನಿಂದ ಬರುವ ಸೀಸದ ಹೊಗೆ. ಈ ಮೂರನೆಯದು ತಾಮ್ರ ಹೊದಿಸಿದ ಗುಂಡಿಗೂ ತಪ್ಪಿದ್ದಲ್ಲ. ಮಕ್ಕಳಿರುವ ಮನೆಯೊಳಗೆ, ಅದರಲ್ಲೂ ಅಡುಗೆಯ ಒಲೆಯ ಮೇಲೆ ಎರಕ ಹೊಯ್ಯುವುದು ಎಂದಿಗೂ ಕೂಡದು. ಈ ಕೆಲಸದಲ್ಲಿರುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮೈದಾನದ ಮಣ್ಣದಿಬ್ಬದಲ್ಲಿ ಹೂತ ಸೀಸವನ್ನು ಜರಡಿ ಹಿಡಿದು ಮರಳಿ ತೆಗೆಯಬಹುದು, ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಹುಳಿ ಮಣ್ಣಿನಲ್ಲಿ ಸೀಸ ಕರಗಿ ನೀರಿಗೆ ಸೇರುವುದರಿಂದ ಸುಣ್ಣ ಬೆರೆಸಿ ಹುಳಿ ತಗ್ಗಿಸುವ ಕ್ರಮವೂ ಅಮೆರಿಕದಲ್ಲಿದೆ. ಈ ಎರಡೂ ಕೆಲಸ ನಡೆಯದ ಮೈದಾನದಲ್ಲಿ, ಎಷ್ಟೇ ಚೆನ್ನಾಗಿ ಅಳತೆಗೆ ಕೂತರೂ, ಸೀಸದ ಗುಂಡು ಹಾರಿಸುವುದನ್ನು ನಾನು ಸಮರ್ಥಿಸುವುದಿಲ್ಲ.